ಮೊದಲು ಕೋಣೆ ಒಣಗಲಿ, ಕುರ್ಚಿ ಆಮೇಲೆ ಬರಲಿ

ಬಾಡಿಗೆ ಮನೆಯ ಹಿಂಬದಿಯಲ್ಲಿದ್ದ ಸಾಮಾನು ಕೋಣೆಯನ್ನು ನಾಲ್ಕು ಜನ ಕುಳಿತು ಹರಟುವಂಥ, ಒಬ್ಬಳೇ ಇದ್ದಾಗ ಕಾಲು ಚಾಚಿ ಓದುವಂಥ ಜಾಗವಾಗಿ ಮಾಡಿಕೊಳ್ಳುವ ಕೆಲಸ ಕೊನೆಗೂ ಮುಗಿದಿದೆ. ಇದಕ್ಕೆಂದು ನಾನು ತೆಗೆದಿಟ್ಟಿದ್ದ ಹಣ ಒಂದು ಹೊಸ ಸೋಫಾಕ್ಕೂ ಸಾಲುವಷ್ಟಿರಲಿಲ್ಲ. ಆ ಹಣದಲ್ಲೇ ಎಲ್ಲವೂ ಆಯಿತು. ಆದರೆ ನಾನು ಎಣಿಸಿದ ಕ್ರಮದಲ್ಲಿ ಆಗಲಿಲ್ಲ, ಎಣಿಸಿದ ವೇಗದಲ್ಲಂತೂ ಆಗಲೇ ಇಲ್ಲ. ಇಂಥ ಕೆಲಸಕ್ಕೆ ಕೈ ಹಾಕುವವರು ಸಾಮಾನ್ಯವಾಗಿ ಮೊದಲು ನೋಡುವುದು ಚಿತ್ರಗಳನ್ನು: ಗೋಡೆಯುದ್ದಕ್ಕೂ ಪುಟ್ಟ ದೀಪಗಳ ಸರ, ದಿಂಬುಗಳ ರಾಶಿ, ಮೂಲೆಯಲ್ಲೊಂದು ಗಿಡ. ಆ ಚಿತ್ರಗಳಲ್ಲಿ ಕಾಣದ ಕೆಲಸಕ್ಕೇ ನನ್ನ ಬಹುಪಾಲು ಸಮಯ ಹೋಯಿತು. ಅದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಅಡ್ಡಿ ಮನೆಯೊಳಗೇ ಇತ್ತು. ಆ ಕೋಣೆಯಲ್ಲಿದ್ದ ಯಾವ ವಸ್ತುವೂ ನನ್ನೊಬ್ಬಳದಲ್ಲ. ಅಣ್ಣನ ಹಳೆಯ ಸೈಕಲ್ಲಿನ ಬಿಡಿಭಾಗಗಳು, ಮುರಿದ ಮೇಜಿನ ಕಾಲುಗಳು, ಯಾವ ಯಂತ್ರದ್ದೆಂದು ಯಾರಿಗೂ ತಿಳಿಯದ ತಂತಿಗಳು, ಅಮ್ಮನ ದೊಡ್ಡ ಕಬ್ಬಿಣದ ಪೆಟ್ಟಿಗೆ. "ನನಗೆ ಕೋಣೆ ಬೇಕು" ಎಂದಾಗ ಯಾರೂ ಬೇಡವೆನ್ನಲಿಲ್ಲ. "ಇದನ್ನು ಎಸೆಯಲೇ?" ಎಂದು ಒಂದೊಂದನ್ನೇ ಎತ್ತಿ ತೋರಿಸಿದಾಗ ಮಾತ್ರ ಎಲ್ಲದಕ್ಕೂ ಒಬ್ಬೊಬ್ಬರು ವಾರಸುದಾರರು ಹುಟ್ಟಿಕೊಂಡರು. ವಾದ ಮಾಡಿ ಫಲವಿಲ್ಲವೆಂದು ಬೇಗ ಅರ್ಥವಾಯಿತು. ಪ್ರತಿಯೊಬ್ಬರ ಹೆಸರು ಬರೆದ ಒಂದೊಂದು ರಟ್ಟಿನ ಡಬ್ಬ ಇಟ್ಟೆ. ಉಳಿಸಿಕೊಳ್ಳಬೇಕೆನ್ನುವ ವಸ್ತು ಅವರವರ ಡಬ್ಬಕ್ಕೆ ಹೋಗಬೇಕು, ಡಬ್ಬ ಅವರವರ ಕೋಣೆಗೆ ಹೋಗಬೇಕು ಎಂದೆ. ತನ್ನ ಮಂಚದ ಕೆಳಗೆ ಜಾಗ ಹುಡುಕಬೇಕಾಗಿ ಬಂದಾಗ ಅಣ್ಣನೇ ಮುಕ್ಕಾಲು ಭಾಗವನ್ನು ಗುಜರಿಗೆ ಹಾಕಿದ. ಗುಜರಿಯಿಂದ ಬಂದ ಅಲ್ಪ ಹಣವನ್ನು "ಇದು ನಿನ್ನ ಕೋಣೆಗೆ" ಎಂದು ನನ್ನ ಕೈಗೇ ಕೊಟ್ಟ. ಅದು ನನಗೆ ಬಹಳ ಧೈರ್ಯ ಕೊಟ್ಟಿತು.

ಅಮ್ಮನ ಪೆಟ್ಟಿಗೆಯನ್ನು ಮಾತ್ರ ಕದಲಿಸಲಾಗಲಿಲ್ಲ. "ಅದು ಇಲ್ಲೇ ಇರಲಿ ಕಣಮ್ಮ, ಬೇರೆಲ್ಲೂ ಹಿಡಿಸುವುದಿಲ್ಲ" ಎಂದರು. ಅಳತೆ ಪಟ್ಟಿ ಹಿಡಿದು ನೋಡಿದರೆ ಅದರ ಎತ್ತರ 42 ಸೆಂಟಿಮೀಟರ್. ಕುರ್ಚಿಯ ಆಸನಕ್ಕೆ 40ರಿಂದ 45 ಸೆಂಟಿಮೀಟರ್ ಎತ್ತರ ಹೆಚ್ಚಿನವರಿಗೆ ಹಿತವಾಗುತ್ತದೆ. ಬೇಡವೆಂದುಕೊಂಡಿದ್ದ ಪೆಟ್ಟಿಗೆ ಖರ್ಚಿಲ್ಲದೆ ಸಿಕ್ಕ ಮೊದಲ ಆಸನವಾಯಿತು. ನಿಮ್ಮ ಮನೆಯಲ್ಲೂ ಏನನ್ನಾದರೂ ಹೊರಹಾಕುವ ಮೊದಲು ಎತ್ತರ ಅಳೆದು ನೋಡಿ.

ಎರಡನೆಯದು ಕಾಗದಪತ್ರ. ಸ್ವಂತ ಮನೆಯವರು ಈ ಭಾಗವನ್ನು ದಾಟಿ ಓದಬಹುದು. ಬಾಡಿಗೆಯವರು ಮೊದಲು ಕರಾರು ಪತ್ರವನ್ನು ತೆಗೆದು ಗೋಡೆ, ಬಣ್ಣ, ಮೊಳೆ, ವಿದ್ಯುತ್ ಕುರಿತ ಸಾಲುಗಳನ್ನು ನಿಧಾನವಾಗಿ ಓದಬೇಕು. ನಮ್ಮ ಕರಾರಿನಲ್ಲಿ ಗೋಡೆಗೆ ರಂಧ್ರ ಕೊರೆಯುವಂತಿಲ್ಲ ಎಂದು ಸ್ಪಷ್ಟವಾಗಿತ್ತು, ಬಣ್ಣದ ಬಗ್ಗೆ ಏನೂ ಇರಲಿಲ್ಲ. ಮನೆಯ ಮಾಲೀಕರಿಗೆ ಫೋನು ಮಾಡಿ ಕೇಳಿದಾಗ "ಅದಕ್ಕೇನಂತೆ, ಮಾಡಿಕೊಳ್ಳಿ" ಎಂದರು. ಆ ಮಾತಿನ ಮೇಲೆಯೇ ಕೆಲಸ ಶುರು ಮಾಡಬೇಡಿ. ಬಾಯಿಮಾತಿನ ಒಪ್ಪಿಗೆ ಮನೆ ಬಿಡುವ ದಿನ ಮುಂಗಡದ ಲೆಕ್ಕದಲ್ಲಿ ನೆನಪಿರುವುದಿಲ್ಲ. ಯಾವ ಗೋಡೆಗೆ ಯಾವ ಬಣ್ಣ, ಮನೆ ಬಿಡುವಾಗ ಹಿಂದಿನ ಬಣ್ಣ ಬಳಿದು ಕೊಡಬೇಕೇ ಬೇಡವೇ, ಇವಿಷ್ಟನ್ನು ಒಂದು ಪುಟದಲ್ಲಿ ಬರೆದು ಅವರ ಸಹಿ ಪಡೆದೆ. ಅವರು ಊರಲ್ಲಿಲ್ಲದ ಕಾರಣ ಆ ಒಂದು ಸಹಿಗಾಗಿ ಕಾಯುವುದೇ ದೊಡ್ಡದಾಯಿತು. ಕಾಯುವಾಗ ಕೋಣೆಯ ನಾಲ್ಕೂ ಗೋಡೆ, ನೆಲ, ಚಾವಣಿ, ಕಿಟಕಿಯ ಚೌಕಟ್ಟು, ಮೊದಲಿನಿಂದಲೂ ಇದ್ದ ಬಿರುಕುಗಳು ಎಲ್ಲದರ ಫೋಟೊ ತೆಗೆದು ಅವರಿಗೂ ಕಳುಹಿಸಿದೆ. ಮುಂದೆ ಬಂದ ಒಂದು ತೊಡಕನ್ನು ಬಿಡಿಸಿದ್ದು ಈ ಫೋಟೊಗಳೇ.

ಆ ತೊಡಕು ತೇವದ್ದು. ಸಾಮಾನುಗಳ ಹಿಂದೆ ಅಡಗಿದ್ದ ಗೋಡೆ ಬರಿದಾದಾಗ ಕೆಳಭಾಗದಲ್ಲಿ ಬಣ್ಣ ಉಬ್ಬಿತ್ತು, ಅಲ್ಲಲ್ಲಿ ಬಿಳಿಯ ಉಪ್ಪಿನಂಥ ಪುಡಿ, ಒಂದು ಮೂಲೆಯಲ್ಲಿ ಕಪ್ಪು ಬೂಷ್ಟು. ಬಣ್ಣ ಬಳಿಯುವವರೊಬ್ಬರು ಬಂದು ನೋಡಿ, ಮೇಲೆ ಪುಟ್ಟಿ ಹಚ್ಚಿ ಬಣ್ಣ ಬಳಿದರೆ ಏನೂ ಕಾಣುವುದಿಲ್ಲ ಎಂದರು. ಕಾಣುವುದಿಲ್ಲ, ನಿಜ. ಆದರೆ ಗೋಡೆಯೊಳಗಿನ ನೀರು ಹೊರಬರುವ ದಾರಿ ಹುಡುಕುತ್ತಲೇ ಇರುತ್ತದೆ. ತನ್ನೊಂದಿಗೆ ಕರಗಿದ ಲವಣಗಳನ್ನು ತರುತ್ತದೆ, ನೀರು ಆರಿದಾಗ ಲವಣ ಹರಳುಗಟ್ಟಿ ಹೊಸ ಬಣ್ಣವನ್ನೂ ತಳ್ಳಿ ಉದುರಿಸುತ್ತದೆ. ಕಡಿಮೆ ಹಣದಲ್ಲಿ ಮಾಡುವವರಿಗೆ ಒಂದೇ ಗೋಡೆಗೆ ಎರಡು ಸಲ ಖರ್ಚು ಮಾಡುವ ಅನುಕೂಲವಿಲ್ಲ.

ತೇವ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಸುಮಾರು 45 ಸೆಂಟಿಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೋ ನೆಲಕ್ಕೋ ಇಟ್ಟು, ನಾಲ್ಕೂ ಅಂಚುಗಳನ್ನು ಗಾಳಿಯಾಡದಂತೆ ಟೇಪಿನಿಂದ ಮುಚ್ಚಿ ಒಂದು ದಿನ ಬಿಡಬೇಕು. ಹಾಳೆಯ ಒಳಬದಿಯಲ್ಲಿ, ಅಂದರೆ ಗೋಡೆಯ ಕಡೆ, ಹನಿ ಕೂತಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಕೋಣೆಯ ಕಡೆಯ ಮೈಯಲ್ಲಿ ಹನಿ ಇದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದು ಗಾಳಿಯಾಡಿಸಿದರೆ ತಗ್ಗುತ್ತದೆ. ನಮ್ಮಲ್ಲಿ ಹನಿ ಒಳಬದಿಯಲ್ಲಿತ್ತು. ಹೊರಗೆ ಹೋಗಿ ಅದೇ ಜಾಗದ ಹಿಂಭಾಗ ನೋಡಿದರೆ, ತಾರಸಿಯ ನೀರು ಇಳಿಯುವ ಕೊಳವೆಯ ಒಂದು ಜೋಡಣೆ ಸಡಿಲವಾಗಿ ನೀರು ಗೋಡೆಯನ್ನೇ ನೆಕ್ಕುತ್ತಿತ್ತು.

ಮಾಲೀಕರು ಮೊದಲು ಇದು ನಮ್ಮ ಸಾಮಾನಿನಿಂದ ಆದದ್ದು ಎಂದರು. ದಿನಾಂಕವಿದ್ದ ಫೋಟೊಗಳನ್ನೂ ಕೊಳವೆಯ ಫೋಟೊವನ್ನೂ ಒಟ್ಟಿಗೆ ತೋರಿಸಿದ ಮೇಲೆ ದುರಸ್ತಿಯನ್ನು ತಾವೇ ಮಾಡಿಸಿಕೊಟ್ಟರು. ಕೊಳವೆ ಸರಿಯಾಗಲು ಅರ್ಧ ದಿನವೂ ಬೇಕಾಗಲಿಲ್ಲ, ಗೋಡೆ ಒಣಗಲು ವಾರಗಟ್ಟಲೆ ಬೇಕಾಯಿತು. ಉಬ್ಬಿದ ಬಣ್ಣ ಕೆರೆದು, ಬಿಳಿ ಪುಡಿಯನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆದು (ನೀರು ಹಾಕಿ ತೊಳೆದರೆ ಲವಣ ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ), ಕಿಟಕಿ ಬಾಗಿಲು ತೆರೆದಿಟ್ಟು, ಹಗಲಿಡೀ ಫ್ಯಾನ್ ಹಾಕುತ್ತಿದ್ದೆ. ಬರಿಯ ಗೋಡೆಯನ್ನು ದಿನವೂ ಮುಟ್ಟಿ ಮುಟ್ಟಿ ನೋಡುವುದು ಬೇಸರದ ಕೆಲಸ. ಮನೆಯವರು "ಇನ್ನೂ ಆಗಲಿಲ್ಲವೇ?" ಎಂದು ಕೇಳಿದಾಗಲೆಲ್ಲ ಅಳುವೇ ಬರುತ್ತಿತ್ತು. ಕೋಣೆಯ ಗಾಳಿಯ ತೇವಾಂಶ ತೋರಿಸುವ ಒಂದು ಸಣ್ಣ ಮಾಪಕ ಕೊಂಡದ್ದು ಈ ಹೊತ್ತಿನಲ್ಲಿ. ಇಡೀ ಯೋಜನೆಯಲ್ಲಿ ಅತ್ಯಂತ ಅಗ್ಗದ, ಅತ್ಯಂತ ಉಪಯೋಗದ ಖರೀದಿ ಅದು. ಸಾಪೇಕ್ಷ ತೇವಾಂಶ ಶೇಕಡಾ 60ಕ್ಕಿಂತ ಕೆಳಗಿದ್ದರೆ ಬೂಷ್ಟು ಬೆಳೆಯುವ ಸಾಧ್ಯತೆ ತಗ್ಗುತ್ತದೆ, 30ರಿಂದ 50ರ ನಡುವೆ ಇದ್ದರೆ ಇನ್ನೂ ಒಳ್ಳೆಯದು. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಮತ್ತೆ ಮಾಡಿ, ಹಾಳೆ ಒಣಗಿಯೇ ಉಳಿದ ದಿನ ಬಣ್ಣದವರಿಗೆ ಬರಲು ಹೇಳಿದೆ.

ಈ ಕಾಯುವಿಕೆಯಿಂದ ಒಂದು ಲಾಭವಾಯಿತು. ಖಾಲಿ ಕೋಣೆಯಲ್ಲಿ ನೆಲದ ಮೇಲೆ ಚಾಪೆ ಹಾಸಿಕೊಂಡು ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಬೇರೆ ಬೇರೆ ಹೊತ್ತಿನಲ್ಲಿ ಕುಳಿತೆ. ಮಧ್ಯಾಹ್ನದ ಬಿಸಿಲು ಎಲ್ಲಿ ಬೀಳುತ್ತದೆ, ಯಾವ ಮೂಲೆಯಲ್ಲಿ ಗಾಳಿ ಬರುತ್ತದೆ, ಪಕ್ಕದ ಕೋಣೆಯ ಟಿವಿ ಎಷ್ಟು ಕೇಳಿಸುತ್ತದೆ, ಯಾವ ಗೋಡೆಗೆ ಬೆನ್ನು ಕೊಟ್ಟರೆ ಬಾಗಿಲು ಕಾಣುತ್ತದೆ ಎಂಬುದೆಲ್ಲ ಆಗ ತಿಳಿಯಿತು. ಕಿಟಕಿಯ ಕೆಳಗೆ ಕೂರುವ ಜಾಗ ಮಾಡಬೇಕೆಂದು ಮನಸ್ಸಿನಲ್ಲಿತ್ತು, ಆದರೆ ಅಲ್ಲಿ ಮಧ್ಯಾಹ್ನ ಐದು ನಿಮಿಷವೂ ಕೂರಲಾಗುತ್ತಿರಲಿಲ್ಲ. ಆಸನ ಎದುರು ಗೋಡೆಗೆ ಹೋಯಿತು. ಹಳೆಯ ಪತ್ರಿಕೆಗಳನ್ನು ಸೋಫಾ, ಮೇಜು, ಕಪಾಟುಗಳ ನಿಜ ಅಳತೆಗೆ ಕತ್ತರಿಸಿ ನೆಲದ ಮೇಲೆ ಹಾಸಿ ಅವುಗಳ ನಡುವೆ ನಡೆದಾಡಿದೆ. ಒಬ್ಬರು ಸಲೀಸಾಗಿ ಓಡಾಡಲು 75 ಸೆಂಟಿಮೀಟರಿನಷ್ಟು ದಾರಿ ಬೇಕು, ಆಸನಕ್ಕೂ ಮುಂದಿನ ಮೇಜಿಗೂ ನಡುವೆ 40ರಿಂದ 45 ಸೆಂಟಿಮೀಟರ್ ಇದ್ದರೆ ಕೈಗೂ ಎಟುಕುತ್ತದೆ, ಮಂಡಿಯೂ ತಗಲುವುದಿಲ್ಲ. ಕಾಗದದಲ್ಲಿ ಮೂರು ಆಸನದ ಸೋಫಾ ಹಾಸಿದ ಮೇಲೆ ದಾರಿಯೇ ಉಳಿಯಲಿಲ್ಲ. ಅಲ್ಲಿಗೆ ಸೋಫಾದ ಆಸೆ ಬಿಟ್ಟೆ, ಬಜೆಟ್ಟಿನ ಚಿಂತೆಯೂ ಅರ್ಧ ಇಳಿಯಿತು.

ಬಣ್ಣದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಗೋಡೆಗಳ ಒಟ್ಟು ಉದ್ದವನ್ನು ಎತ್ತರದಿಂದ ಗುಣಿಸಿ, ಬಾಗಿಲು ಕಿಟಕಿ ಕಳೆದು, ಎರಡು ಸಲದ ಬಳಿತಕ್ಕೆ ದ್ವಿಗುಣ ಮಾಡಿ. ನಯವಾದ ಗೋಡೆಗೆ ಒಂದು ಲೀಟರ್ ಬಣ್ಣ ಒಂದು ಬಳಿತಕ್ಕೆ ಸುಮಾರು 10 ಚದರ ಮೀಟರ್ ಬರುತ್ತದೆ, ಒರಟು ಗೋಡೆ ಹೆಚ್ಚು ಕುಡಿಯುತ್ತದೆ. ತೀರಾ ಹಳೆಯ ಮನೆಯಾದರೆ ಒಂದು ಎಚ್ಚರಿಕೆ: ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಉಪ್ಪುಕಾಗದದಿಂದ ಒಣದಾಗಿ ಉಜ್ಜಿ ಧೂಳು ಎಬ್ಬಿಸಬೇಡಿ, ಮಕ್ಕಳು ಮತ್ತು ಗರ್ಭಿಣಿಯರು ಆ ಕಡೆ ಸುಳಿಯದಂತೆ ನೋಡಿಕೊಳ್ಳಿ, ಅನುಮಾನವಿದ್ದರೆ ಪರೀಕ್ಷೆ ಮಾಡಿಸಿಯೇ ಮುಂದುವರಿಯಿರಿ. ಬಣ್ಣ ಆರಿದಂತೆ ಕಂಡರೂ ವಾಸನೆ ಪೂರ್ತಿ ಹೋಗುವವರೆಗೆ ಅಲ್ಲಿ ಮಲಗಬಾರದು.

ಬೆಳಕಿಗೆ ಹೆಚ್ಚು ಯೋಚನೆ ಕೊಟ್ಟೆ, ಹಣ ಹೆಚ್ಚು ಬೇಕಾಗಲಿಲ್ಲ. ಚಾವಣಿಯ ನಡುವಿನ ಒಂದೇ ಬಿಳಿ ದೀಪ ಯಾವ ಕೋಣೆಯನ್ನೂ ಕಚೇರಿಯಂತೆ ಮಾಡುತ್ತದೆ. ಬಲ್ಬಿನ ಡಬ್ಬದ ಮೇಲೆ ಕೆಲ್ವಿನ್ ಲೆಕ್ಕದಲ್ಲಿ ಬೆಳಕಿನ ಬಣ್ಣ ಬರೆದಿರುತ್ತದೆ. 6500 ಎಂದರೆ ನೀಲಿ ಬೆರೆತ ಬಿಳುಪು, 2700ರಿಂದ 3000 ಎಂದರೆ ಹಳದಿ ಬೆರೆತ ಹಿತವಾದ ಬೆಳಕು. ವ್ಯಾಟ್ ನೋಡಿ ಕೊಳ್ಳಬೇಡಿ, ಬೆಳಕಿನ ಪ್ರಮಾಣ ಹೇಳುವ ಲೂಮೆನ್ ನೋಡಿ. ಹಿಂದಿನ 60 ವ್ಯಾಟಿನ ಬುರುಡೆ ದೀಪದಷ್ಟು ಬೆಳಕು ಬೇಕಿದ್ದರೆ 800 ಲೂಮೆನ್ ಸಾಕು, ಅದನ್ನು 8ರಿಂದ 10 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ನಾನು ಓದುವ ಜಾಗದಲ್ಲಿ ಭುಜದ ಹಿಂದಿನಿಂದ ಬೆಳಕು ಬೀಳುವ ಒಂದು ನಿಲುದೀಪ, ಎದುರು ಮೂಲೆಯಲ್ಲಿ ಗೋಡೆಯ ಕಡೆ ತಿರುಗಿಸಿದ ಒಂದು ಸಣ್ಣ ದೀಪ ಇಟ್ಟೆ. ಗೋಡೆಗೆ ತಾಗಿ ಮರಳುವ ಬೆಳಕು ಕಣ್ಣಿಗೆ ಚುಚ್ಚುವುದಿಲ್ಲ, ಮುಖಗಳೂ ಚೆನ್ನಾಗಿ ಕಾಣುತ್ತವೆ.

ಕೋಣೆಯಲ್ಲಿದ್ದದ್ದು ಒಂದೇ ಪ್ಲಗ್ಗಿನ ಜಾಗ. ಇಲ್ಲಿ ಉಳಿತಾಯ ಮಾಡಲು ಹೋಗಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಎಕ್ಸ್‌ಟೆನ್ಷನ್ ಬೋರ್ಡಿನ ಹಿಂದೆ ಅದು ತಡೆಯುವ ಗರಿಷ್ಠ ಆಂಪಿಯರ್ ಅಥವಾ ವ್ಯಾಟ್ ಬರೆದಿರುತ್ತದೆ. ಸೇರಿಸುವ ಉಪಕರಣಗಳ ವ್ಯಾಟ್ ಕೂಡಿಸಿ ನೋಡಿ. ದೀಪ, ಮೊಬೈಲ್ ಚಾರ್ಜರ್, ಪುಟ್ಟ ಸ್ಪೀಕರ್ ಎಲ್ಲ ಸೇರಿದರೂ ಭಾರ ಕಡಿಮೆಯೇ. ಕೋಣೆ ಬಿಸಿ ಮಾಡುವ ಹೀಟರಿನಂಥದ್ದನ್ನು ಅದಕ್ಕೆ ಸೇರಿಸಲೇಬಾರದು. ಒಂದು ಬೋರ್ಡಿಗೆ ಇನ್ನೊಂದು ಬೋರ್ಡು ಸಿಕ್ಕಿಸಬಾರದು, ಉಳಿದ ತಂತಿಯನ್ನು ಬಿಗಿಯಾಗಿ ಸುತ್ತಿಡಬಾರದು, ನೆಲಹಾಸಿನ ಕೆಳಗೆ ಹಾಯಿಸಬಾರದು. ಸುತ್ತಿದ ತಂತಿಯಲ್ಲೂ ಮುಚ್ಚಿದ ತಂತಿಯಲ್ಲೂ ಶಾಖ ಹೊರಹೋಗದೆ ಕೂಡಿಕೊಳ್ಳುತ್ತದೆ.

ಇನ್ನು ಕೂರುವ ವ್ಯವಸ್ಥೆ. ಒಟ್ಟು ಖರ್ಚಿನ ಅರ್ಧದಷ್ಟನ್ನು ಇದೊಂದಕ್ಕೇ ಮೀಸಲಿಟ್ಟೆ. ಈಗಲೂ ಅದೇ ಸರಿ ಎನಿಸುತ್ತದೆ. ಸರಕು ಸಾಗಣೆಗೆ ಬಳಸುವ ಮರದ ಪ್ಯಾಲೆಟ್‌ಗಳು (ಸರಕನ್ನು ಮೇಲೆ ಪೇರಿಸುವ, ಹಲಗೆ ಜೋಡಿಸಿದ ಚಪ್ಪಟೆ ಚೌಕಟ್ಟುಗಳು) ಅಗ್ಗವಾಗಿ, ಕೆಲವೊಮ್ಮೆ ಪುಕ್ಕಟೆಯಾಗಿ ಸಿಗುತ್ತವೆ. ಎರಡನ್ನು ಒಂದರ ಮೇಲೊಂದು ಇಟ್ಟು ಮೇಲೆ ಫೋಮ್ ಹಾಕಿದರೆ ಉದ್ದನೆಯ ಆಸನ ಸಿದ್ಧ. ಆದರೆ ಅವುಗಳ ಪಕ್ಕದಲ್ಲಿರುವ ಮುದ್ರೆ ನೋಡದೆ ಮನೆಗೆ ತರಬೇಡಿ. ದೇಶದಿಂದ ದೇಶಕ್ಕೆ ಹೋಗುವ ಸರಕಿನ ಮರಕ್ಕೆ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕೀಟ ತಡೆಯುವ ಸಂಸ್ಕಾರವಾಗಿರಬೇಕು, ಅದರ ಗುರುತು ಮರದ ಮೇಲೆಯೇ ಇರುತ್ತದೆ. 'ಎಚ್‌ಟಿ' ಎಂದಿದ್ದರೆ ಶಾಖದ ಸಂಸ್ಕಾರ, ಅಂದರೆ ಮರದ ಒಳತಿರುಳು ಕನಿಷ್ಠ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬಿಸಿಯಾಗಿರುತ್ತದೆ. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು. ಅದನ್ನು ಮನೆಯೊಳಗೆ ಬಳಸಬಾರದು. ಮುದ್ರೆ ಇಲ್ಲದ್ದನ್ನು, ಎಣ್ಣೆಯೋ ರಾಸಾಯನಿಕವೋ ಚೆಲ್ಲಿ ಕಲೆಯಾದದ್ದನ್ನು ನಾನು ಮುಟ್ಟಲಿಲ್ಲ. ಹಾಗಾಗಿ ಬೇಕಾದಷ್ಟು ಒಳ್ಳೆಯ ಪ್ಯಾಲೆಟ್ ಸಿಗಲು ಮತ್ತೆ ಕಾಯಬೇಕಾಯಿತು. ಬಡಗಿಯವರು ಮೊಳೆಗಳ ತಲೆ ಒಳಗಿಳಿಸಿ, ಅಂಚುಗಳನ್ನು ಉಜ್ಜಿ ನಯ ಮಾಡಿ, ಎರಡನ್ನೂ ಸ್ಕ್ರೂ ಹಾಕಿ ಜೋಡಿಸಿಕೊಟ್ಟರು. ಜೋಡಿಸದೆ ಬಿಟ್ಟರೆ ಕುಳಿತಾಗ ಜಾರುತ್ತದೆ.

ಫೋಮ್ ಕೊಳ್ಳುವಾಗ ಅಂಗಡಿಯಲ್ಲಿ ಬೆರಳಿನಿಂದ ಒತ್ತಿ ನೋಡುವುದರಿಂದ ಏನೂ ತಿಳಿಯುವುದಿಲ್ಲ, ಸಾಂದ್ರತೆ ಕೇಳಬೇಕು. ಒಂದು ಘನ ಮೀಟರಿಗೆ 32 ಕಿಲೋ ಅಥವಾ ಅದಕ್ಕಿಂತ ಹೆಚ್ಚಿನದ್ದು ದಿನವೂ ಕೂರುವ ಆಸನಕ್ಕೆ ತಾಳುತ್ತದೆ, ಅದಕ್ಕಿಂತ ಹಗುರವಾದದ್ದು ಬೇಗ ತಗ್ಗು ಬೀಳುತ್ತದೆ. ಬೆನ್ನಿನ ದಿಂಬಿಗೆ ಹಗುರವಾದದ್ದೇ ಸಾಕು, ಅಲ್ಲಿ ಉಳಿಸಿ. ಹೊದಿಕೆಗೆ ಜಿಪ್ ಹಾಕಿಸಿಕೊಳ್ಳಿ, ಬಿಚ್ಚಿ ಒಗೆಯಲು ಆಗದ ಹೊದಿಕೆ ಬೇಗ ಹಾಳಾಗುತ್ತದೆ.

ಒಂಟಿ ಕುರ್ಚಿಯೊಂದನ್ನು ಬಳಸಿದ್ದನ್ನೇ ಕೊಂಡೆ. ಮರದ ಚೌಕಟ್ಟು ಗಟ್ಟಿಯಾಗಿರುವ ಹಳೆಯ ಕುರ್ಚಿ, ಅದೇ ಬೆಲೆಗೆ ಸಿಗುವ ಹೊಸದಕ್ಕಿಂತ ಎಷ್ಟೋ ಮೇಲು. ಕೊಳ್ಳುವ ಮೊದಲು ಅದನ್ನು ತಲೆಕೆಳಗು ಮಾಡಿ, ಟಾರ್ಚ್ ಹಿಡಿದು, ಹೊಲಿಗೆಯ ಅಂಚು, ಮಡಿಕೆ, ಸ್ಕ್ರೂ ತೂತುಗಳನ್ನೆಲ್ಲ ನೋಡಿ. ಸಣ್ಣ ಕಪ್ಪು ಚುಕ್ಕೆಗಳು, ಬಿಳಿಯ ಮೊಟ್ಟೆಗಳು, ಸುಲಿದ ಸಿಪ್ಪೆಗಳು ಕಂಡರೆ ಅದು ತಿಗಣೆ. ಬೆಲೆ ಎಷ್ಟೇ ಕಡಿಮೆಯಿರಲಿ, ಅಲ್ಲೇ ಬಿಟ್ಟು ಬನ್ನಿ. ತಿಗಣೆ ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು, ಒಮ್ಮೆ ಹೊಕ್ಕರೆ ಇಡೀ ಮನೆಯ ನೆಮ್ಮದಿ ಹೋಗುತ್ತದೆ. ನಾನು ಮೊದಲು ಮೆಚ್ಚಿದ ಕುರ್ಚಿಯನ್ನು ಹೀಗೆಯೇ ಬಿಟ್ಟು ಬಂದೆ, ಮನಸ್ಸಿಗೆ ಬೇಸರವಾಯಿತು. ಅನಂತರ ಸಿಕ್ಕದ್ದು ಅದಕ್ಕಿಂತ ಸಣ್ಣದು, ಬಾಗಿಲಿನಲ್ಲಿ ಓರೆ ಮಾಡಬೇಕಾಗದೆ ಒಳಗೆ ಬಂತು. ಹೊರಡುವ ಮೊದಲು ಬಾಗಿಲಿನ ಅಗಲ, ಓಣಿಯ ತಿರುವು, ಮೆಟ್ಟಿಲಿನ ಅಗಲ ಬರೆದುಕೊಂಡು ಹೋಗಿ.

ಗೋಡೆ ಕೊರೆಯುವಂತಿಲ್ಲದ ಕಾರಣ ಪುಸ್ತಕಗಳಿಗೆ ನೆಲದ ಮೇಲೆ ನಿಲ್ಲುವ ಕಪಾಟು ಬಂತು. ಎತ್ತರದ ಕಪಾಟು ಮುಂದಕ್ಕೆ ಬೀಳದಂತೆ ಭಾರದ ಪುಸ್ತಕಗಳನ್ನು ಕೆಳಗಿಟ್ಟೆ, ಮೇಲ್ತುದಿಯನ್ನು ಕಿಟಕಿಯ ಸರಳಿಗೆ ಗಟ್ಟಿ ಪಟ್ಟಿಯಿಂದ ಕಟ್ಟಿದೆ. ಮಕ್ಕಳು ಬರುವ ಮನೆಯಲ್ಲಿ ಇದು ಕಡ್ಡಾಯವೆಂದು ತಿಳಿಯಿರಿ.

ಎಲ್ಲ ಜೋಡಿಸಿ ಕುಳಿತ ಮೊದಲ ಸಂಜೆ ಸ್ನೇಹಿತೆಯರು ಬಂದಾಗ ಮಾತು ಗಣಗಣ ಪ್ರತಿಧ್ವನಿಸಿತು, ಅತ್ತಿಗೆ ಪಕ್ಕದ ಕೋಣೆಯಿಂದ "ನಿಮ್ಮ ಗುಟ್ಟೆಲ್ಲ ನಮಗೆ ಕೇಳಿಸುತ್ತಿದೆ" ಎಂದರು. ಇಲ್ಲಿ ಎರಡು ಬೇರೆ ಸಮಸ್ಯೆಗಳಿವೆ. ಕೋಣೆಯೊಳಗಿನ ಪ್ರತಿಧ್ವನಿಗೆ ಮೆತ್ತನೆಯ ವಸ್ತುಗಳು ಬೇಕು: ದಪ್ಪ ನೆಲಹಾಸು, ನೆರಿಗೆ ತುಂಬಿದ ಪರದೆ, ದಿಂಬು. ಸದ್ದು ಹೊರಹೋಗುವುದನ್ನು ತಡೆಯಲು ಇವು ಹೆಚ್ಚು ಉಪಯೋಗವಿಲ್ಲ, ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದರಿಂದಲೂ ಏನೂ ಆಗದು. ಸದ್ದು ಗಾಳಿಯಂತೆ ಸಂದಿನಲ್ಲಿ ನುಸುಳುತ್ತದೆ. ಬಾಗಿಲಿನ ಕೆಳಗಿನ ಸಂದಿಗೆ ರಬ್ಬರಿನ ತಡೆಪಟ್ಟಿ, ಚೌಕಟ್ಟಿನ ಸುತ್ತ ಅಂಟುವ ಫೋಮ್ ಪಟ್ಟಿ ಹಾಕಿದ ಮೇಲೆ ವ್ಯತ್ಯಾಸ ಅತ್ತಿಗೆಗೇ ಮೊದಲು ತಿಳಿಯಿತು. ಬಾಗಿಲು ಇಷ್ಟು ಬಿಗಿಯಾದ ಮೇಲೆ ಗಾಳಿಗೆ ಕಿಟಕಿಯೊಂದೇ ದಾರಿ. ಹೆಚ್ಚು ಜನ ಕುಳಿತಾಗ ಅದನ್ನು ತುಸುವಾದರೂ ತೆರೆದಿಡಿ.

ಖರ್ಚಿನ ಲೆಕ್ಕ ಹೀಗೆ ನಿಂತಿತು: ಅರ್ಧದಷ್ಟು ಆಸನ, ಫೋಮ್, ಹೊಲಿಗೆಗೆ, ಕಾಲು ಭಾಗದಷ್ಟು ಗೋಡೆಯ ತಯಾರಿ ಮತ್ತು ಬಣ್ಣಕ್ಕೆ, ಉಳಿದದ್ದರಲ್ಲಿ ದೀಪ, ಬೋರ್ಡು, ನೆಲಹಾಸು, ಪರದೆ. ಸಾಗಣೆಯ ಬಾಡಿಗೆಯನ್ನು ಎಣಿಸಿಯೇ ಇರದವರು ಮೊದಲೇ ಅದನ್ನು ಸೇರಿಸಿಕೊಳ್ಳಿ, ಬಳಸಿದ ವಸ್ತುವಿನ ಬೆಲೆಗಿಂತ ಕೆಲವೊಮ್ಮೆ ಅದನ್ನು ತರುವ ಗಾಡಿಯ ಬಾಡಿಗೆಯೇ ಹೆಚ್ಚಾಗುತ್ತದೆ. ರಸೀದಿಗಳನ್ನೂ ಮಾಲೀಕರ ಸಹಿಯ ಪತ್ರವನ್ನೂ ಬಾಡಿಗೆ ಕರಾರಿನ ಜೊತೆಗೇ ಇಟ್ಟಿದ್ದೇನೆ. ಉಳಿದ ಬಣ್ಣವನ್ನು ಬಿಗಿಯಾಗಿ ಮುಚ್ಚಿ, ಬಣ್ಣದ ಸಂಖ್ಯೆ ಕಾಣುವಂತೆ ಡಬ್ಬದ ಮೇಲೆ ಬರೆದಿದ್ದೇನೆ, ಗೀರು ಬಿದ್ದಾಗ ಬೇಕಾಗುತ್ತದೆ. ಅಲಂಕಾರಕ್ಕೆಂದು ಇನ್ನೂ ಏನನ್ನೂ ಕೊಂಡಿಲ್ಲ. ಮುಂದಿನ ಮಳೆಗಾಲದಲ್ಲಿ ಆ ಗೋಡೆ ಒಣಗಿಯೇ ಉಳಿಯುತ್ತದೆಯೇ ಎಂದು ಪ್ಲಾಸ್ಟಿಕ್ ಹಾಳೆ ಅಂಟಿಸಿ ಇನ್ನೊಮ್ಮೆ ನೋಡಬೇಕು, ಅಲ್ಲಿಯವರೆಗೆ ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರವೇ ಇಟ್ಟಿರುತ್ತೇನೆ.